ನಡುವೆ ಮಿಕ್ಕ ಒಂದು ಎಳೆ

ನನ್ನ ಬಾಯಿ ಒಳ್ಳೆಯದಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ, ಯಾಕೆಂದರೆ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಮನಸ್ಸಿಗೆ ಬಂದದ್ದು ನಾಲಿಗೆಗೆ ಬರಲು ನನ್ನಲ್ಲಿ ಹೆಚ್ಚು ದೂರವಿಲ್ಲ. ಕೈ ಮಾತ್ರ ಒಳ್ಳೆಯದು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಅಚ್ಚು ಕೆಚ್ಚಿದ್ದೇನೆ. ಕೈ ನನ್ನದೇ ಆದರೂ ಅದನ್ನು ಒಳ್ಳೆಯದು ಮಾಡಿದವರು ಬೇರೆಯವರು. ಅವರ ಋಣ ನನ್ನ ಮೇಲಿದೆ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಅಚ್ಚು ಕೆಚ್ಚುವುದೆಂದರೆ ಏನೆಂದು ಸಮೇತನಹಳ್ಳಿಯ ಕಡೆಯ ನನ್ನ ತವರಿನವರಿಗೇ ಇನ್ನೂ ಸರಿಯಾಗಿ ಗೊತ್ತಿಲ್ಲ, ಆದ್ದರಿಂದ ಹೇಳುತ್ತೇನೆ. ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ರೇಷ್ಮೆ ಎಳೆಗಳು ಮುಗಿಯುತ್ತಾ ಬಂದಾಗ ಅವುಗಳ ತುದಿಯನ್ನು ಮೊಳದಷ್ಟು ಹಾಗೇ ಉಳಿಸಿರುತ್ತಾರೆ. ಹೊಸ ಎಳೆಗಳನ್ನು ಸುತ್ತಿದ ಉರುಳೆಯನ್ನು ತಂದು ಏರಿಸಿದ ಮೇಲೆ, ಹಳೆಯದರ ಒಂದೊಂದು ಎಳೆಗೂ ಹೊಸದರ ಒಂದೊಂದು ಎಳೆಯನ್ನು ಸೇರಿಸಬೇಕು. ಗಂಟು ಹಾಕುವಂತಿಲ್ಲ. ಎಳೆಗಳು ಬಾಚಣಿಗೆಯ ಹಲ್ಲಿನಂಥ ಅಚ್ಚಿನ ಸಂದಿಯಲ್ಲಿ ಹಾದುಹೋಗಬೇಕು, ಗಂಟು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬೆರಳಿಗೆ ಬೂದಿ ಹಚ್ಚಿಕೊಂಡು ಎರಡು ತುದಿಗಳನ್ನು ಹೊಸೆದು ಒಂದು ಮಾಡಬೇಕು. ಅದೇ ಕೆಚ್ಚುವುದು. ಹೀಗೆ ಸಾವಿರಾರು ಎಳೆ. ಒಬ್ಬಳಿಂದ ಆಗುವ ಕೆಲಸವಲ್ಲ. ಒಬ್ಬಳು ಎಡದ ಅಂಚಿನಿಂದ, ಇನ್ನೊಬ್ಬಳು ಬಲದ ಅಂಚಿನಿಂದ ಬೆಳಿಗ್ಗೆಯೇ ಶುರು ಮಾಡಿ, ಸಂಜೆಯ ಹೊತ್ತಿಗೆ ನಡುವೆ ಬಂದು ಸೇರುತ್ತಾರೆ.

ಇದರಲ್ಲಿ ಹೊಸಬರು ಮಾಡುವ ತಪ್ಪು ಒಂದೇ. ಹೊಸ ರೇಷ್ಮೆಯಲ್ಲಿ ಎರಡು ಎಳೆ ಅಂಟಿಕೊಂಡು ಬರುತ್ತವೆ, ಒಂದೇ ಎಂದುಕೊಂಡು ಕೆಚ್ಚಿಬಿಡುತ್ತಾರೆ. ಆಗ ಗೊತ್ತಾಗುವುದಿಲ್ಲ. ಇಬ್ಬರೂ ನಡುವೆ ಸೇರಿದಾಗ ಹಳೆಯದರಲ್ಲಿ ಒಂದು ಎಳೆ ಜೊತೆಯಿಲ್ಲದೆ ಮಿಕ್ಕುತ್ತದೆ. ಎಲ್ಲೋ ಒಂದು ಕಡೆ ಜೋಡಿ ಎಳೆ ಕೂತಿದೆ. ಹಾಗೇ ಬಿಟ್ಟರೆ ಆ ಉರುಳೆ ಮುಗಿಯುವವರೆಗೂ ನೇಯುವ ಪ್ರತಿ ಸೀರೆಯಲ್ಲೂ ಅದೇ ಜಾಗದಲ್ಲಿ ಒಂದು ಗೆರೆ ಬೀಳುತ್ತದೆ. ಹುಡುಕಬೇಕು, ಅಲ್ಲಿಂದ ನಡುವಿನವರೆಗೆ ಎಲ್ಲವನ್ನೂ ಬಿಚ್ಚಬೇಕು, ಮತ್ತೆ ಕೆಚ್ಚಬೇಕು.

ಮದುವೆಯಾಗಿ ಈ ಊರಿಗೆ ಬಂದಾಗ ನನ್ನ ಬೆರಳುಗಳಿಗೆ ಗೊತ್ತಿದ್ದದ್ದು ಕೊತ್ತಂಬರಿ ಸೊಪ್ಪನ್ನು ಕಂತೆ ಕಟ್ಟುವುದು, ಕಳೆ ಕೀಳುವುದು. ನಮ್ಮ ಮನೆಯವರು ಬೇರೆಯವರ ಮಗ್ಗದಲ್ಲಿ ನೇಯುತ್ತಿದ್ದರು. ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಹೆಂಗಸು ಇದ್ದರು, ಊರಿಗೆಲ್ಲ ದೊಡ್ಡಮ್ಮ. ಕೆಚ್ಚುವುದರಲ್ಲಿ ಅವರದು ಎತ್ತಿದ ಕೈ. ಅವರ ಜೊತೆಗೆ ಕೂರುತ್ತಿದ್ದ ಹೆಂಗಸು ಮಗಳ ಮನೆಗೆ ಹೋಗಿ ನೆಲೆಸಿದ್ದರಿಂದ ಇನ್ನೊಂದು ಅಂಚಿಗೆ ಜನ ಬೇಕಾಗಿತ್ತು. ನನ್ನ ಬೆರಳು ನೋಡಿ, ಗದ್ದೆ ಹೊಲದ ಕೈ, ಆದರೂ ಪರವಾಗಿಲ್ಲ ಎಂದರು. ಅಷ್ಟೇ ನನ್ನ ಸಂದರ್ಶನ.

ದೊಡ್ಡಮ್ಮ ದೇವರಂಥವರು ಎಂದು ಬರೆದರೆ ಅವರೇ ನಕ್ಕುಬಿಡುತ್ತಿದ್ದರು. ಮಹಾ ಮಾತಿನ ಮಲ್ಲಿ. ಯಾರ ಮನೆಯ ಬೀಗರು ಊಟದಲ್ಲಿ ಏನು ಕೊಂಕು ತೆಗೆದರು ಎಂಬುದರಿಂದ ಹಿಡಿದು ಎಲ್ಲ ಸುದ್ದಿಯೂ ಅವರ ಬಳಿ ಇತ್ತು. ಬಾಯಿ ಓಡುತ್ತಲೇ ಇರುತ್ತಿತ್ತು, ಬೆರಳೂ ಓಡುತ್ತಲೇ ಇರುತ್ತಿತ್ತು, ಒಂದಕ್ಕೊಂದು ಸಂಬಂಧವೇ ಇಲ್ಲವೇನೋ ಎನ್ನಿಸುತ್ತಿತ್ತು. ಆದರೆ ನಾನು ತಪ್ಪು ಮಾಡಿದಾಗ ಮಾತ್ರ ಅವರ ಮಾತು ನಿಲ್ಲುತ್ತಿತ್ತು. ಜಗಲಿಯ ಮೇಲೆ ಎರಡು ಮೊಳೆಗಳ ನಡುವೆ ಹಾಳು ರೇಷ್ಮೆ ಕಟ್ಟಿಕೊಟ್ಟು ಅಭ್ಯಾಸ ಮಾಡಿಸುತ್ತಿದ್ದರು. ಜೋಡಿ ಎಳೆ ಕೂತದ್ದು ಅವರ ಕಣ್ಣಿಗೆ ಬಿದ್ದರೆ ಹೇಳುತ್ತಿದ್ದದ್ದು ಇಷ್ಟೇ:

"ನೀರು ಕುಡ್ಕೊಂಡ್ ಬಾ."

ಬಾಯಾರಿಕೆ ಇರಲಿ ಬಿಡಲಿ, ಎದ್ದು ಹೋಗಿ ನೀರು ಕುಡಿದು ಬರಬೇಕು. ಬರುವಷ್ಟರಲ್ಲಿ ತಪ್ಪಾದ ಜಾಗದಲ್ಲಿ ಒಂದು ಚೂರು ಅರಿಶಿನದ ದಾರ ಕಟ್ಟಿರುತ್ತಿದ್ದರು. ಬೂದಿಯನ್ನು ಅವರು ಹಳೆಯ ಪೌಡರ್ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದರು, ಆ ಡಬ್ಬಿಯ ಕುತ್ತಿಗೆಗೆ ಈ ದಾರ ಸುತ್ತಿರುತ್ತಿತ್ತು. ಜಾಗ ತೋರಿಸುವುದು ಅವರ ಕೆಲಸ, ಬಿಚ್ಚುವುದು ನನ್ನ ಕೆಲಸ. ಒಂದು ಸಲವೂ ಅವರಾಗಿಯೇ ನನ್ನ ತಪ್ಪನ್ನು ಬಿಚ್ಚಿಕೊಡಲಿಲ್ಲ. ಆಗ ನನಗೆ ಅದು ಜಿಪುಣತನ ಎನ್ನಿಸಿತ್ತು. ಅವರ ಬೆರಳಿಗೆ ಅರೆಗಳಿಗೆಯ ಕೆಲಸ, ನಾನಾದರೆ ಅರ್ಧ ದಿನ ಒದ್ದಾಡುತ್ತಿದ್ದೆ.

ಮೊದಲ ಸಲ ನಿಜವಾದ ಮಗ್ಗಕ್ಕೆ ಕರೆದುಕೊಂಡು ಹೋದದ್ದು ಒಂದು ದೊಡ್ಡ ಮನೆಗೆ, ನಾಲ್ಕು ಮಗ್ಗದವರ ಮನೆ. ಮಿಕ್ಕ ಮೂರು ಮಗ್ಗ ಓಡುತ್ತಿದ್ದವು, ಗಟ್ಟಿಯಾಗಿ ಹೇಳದಿದ್ದರೆ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಸಂಜೆ ನಡುವೆ ಬಂದು ಸೇರಿದೆವು, ಒಂದು ಎಳೆ ಮಿಕ್ಕಿತು. ಮನೆಯ ಯಜಮಾನ ಬಂದು ನಿಂತ. ತಪ್ಪು ನನ್ನದೇ ಎಂದು ಅವನಿಗೂ ಗೊತ್ತಾಗುತ್ತದೆ, ನಾಳೆಯಿಂದ ನನ್ನನ್ನು ಯಾರೂ ಮಗ್ಗದ ಹತ್ತಿರ ಸೇರಿಸುವುದಿಲ್ಲ ಎಂದುಕೊಂಡು ಆ ಮಿಕ್ಕ ಎಳೆಯನ್ನೇ ನೋಡುತ್ತಾ ಕೂತೆ. ದೊಡ್ಡಮ್ಮ ತಲೆ ಕೂಡ ಎತ್ತದೆ ಅವನಿಗೆ, "ನನ್ನ ಕಣ್ಣು ತಪ್ತು ಕಣಪ್ಪ, ಸರಿ ಮಾಡಿಕೊಡ್ತೀವಿ," ಎಂದರು. ಅವನು ಗೊಣಗಿಕೊಂಡು ಹೋದ ಮೇಲೆ ನನ್ನ ಕಡೆ ತಿರುಗಿ, ನೀರು ಕುಡಿದು ಬರಲು ಹೇಳಿದರು. ಬಂದು ನೋಡಿದರೆ ಅರಿಶಿನದ ದಾರ ನನ್ನ ಭಾಗದಲ್ಲಿತ್ತು.

ಆ ಮನೆಯವರು ಆಮೇಲೆ ಬಹಳ ದಿನ ದೊಡ್ಡಮ್ಮನನ್ನು ಕರೆಯಲಿಲ್ಲ. ಅವರಿಗೆ ಕಣ್ಣು ಹೋಯಿತಂತೆ ಎಂಬ ಮಾತು ಬೀದಿಯಲ್ಲಿ ಓಡಾಡಿತು. ಅದು ನನ್ನ ಕಿವಿಗೆ ಬೀಳುವ ಹೊತ್ತಿಗೆ ವರ್ಷವೇ ಕಳೆದಿತ್ತು. ಓಡಿಹೋಗಿ ಕೇಳಿದೆ, ಯಾಕೆ ಹಾಗೆ ಹೇಳಿದಿರಿ, ಒಂದು ಮನೆಯೇ ಹೋಯಿತಲ್ಲ ಎಂದು. ಅವರು ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಆ ಮನೆ ಹೋದ್ರೆ ಇನ್ನೊಂದು ಮನೆ. ಅವತ್ತು ನೀನು ಹೋಗ್ಬಿಟ್ಟಿದ್ರೆ?"

ಅವರ ಪಕ್ಕದಲ್ಲಿ ಕೂತು ನಾನೂ ಅವರೆಕಾಯಿ ಸುಲಿದೆ.

ಇಂಥವರ ಕೈಕೆಳಗೆ ಕಲಿತ ನಾನು ಕಲಿಸುವ ಸರದಿ ಬಂದಾಗ ಏನು ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ದೊಡ್ಡಮ್ಮನ ಕೈ ನಡುಗತೊಡಗಿದ ಮೇಲೆ ಅವರ ಜಾಗಕ್ಕೆ ಒಬ್ಬರು ಬೇಕಾದರು. ಮೊದಲು ಪಕ್ಕದ ಮನೆಯ ಸೊಸೆ ಬಂದಳು. ಮೂರನೆಯ ದಿನಕ್ಕೆ ಅತ್ತುಕೊಂಡು ಹೋದಳು. ಆಮೇಲೆ ನನ್ನ ನಾದಿನಿ. ಅವಳು ಅಳಲಿಲ್ಲ, ನನಗೇ ನಾಲ್ಕು ಮಾತು ತಿರುಗಿಸಿ ಅಂದು ಹೋದಳು, ಈಗಲೂ ಹಬ್ಬಕ್ಕೆ ಬಂದರೆ ನನ್ನ ಕೈಯ ಕಾಫಿ ಮುಟ್ಟುವುದಿಲ್ಲ. ದೊಡ್ಡಮ್ಮ ಮಂಚದ ಮೇಲಿಂದಲೇ ಎಲ್ಲ ಕೇಳಿಸಿಕೊಂಡು, "ಕೆಲಸ ಕಲಿತೆ, ಕಲಿಸೋದು ಕಲೀಲಿಲ್ಲ ನೀನು," ಎಂದರು. ಬೈದಂತಿರಲಿಲ್ಲ. ಬೇಜಾರು ಮಾಡಿಕೊಂಡಂತಿತ್ತು, ಅದು ಇನ್ನೂ ಕಷ್ಟ. ಅವರು ತೀರಿಕೊಂಡಾಗ ನನ್ನ ಎದುರಿನ ಅಂಚಿನಲ್ಲಿ ಕಾಯಂ ಆಗಿ ಕೂರುವವರು ಯಾರೂ ಇರಲಿಲ್ಲ. ಅವರಿವರನ್ನು ಬೇಡಿಕೊಂಡು ಕೆಲಸ ಸಾಗಿಸುತ್ತಿದ್ದೆ.

ನಮ್ಮ ಬೀದಿಯ ಹೆಣ್ಣುಮಕ್ಕಳೆಲ್ಲ ಬೆಳಿಗ್ಗೆ ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡು ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್ ಫ್ಯಾಕ್ಟರಿಗಳ ಬಸ್ಸು ಹತ್ತುತ್ತಾರೆ. ಕೆಚ್ಚುವುದನ್ನು ಕಲಿಯಲು ಯಾರು ಬರುತ್ತಾರೆ? ಆದರೆ ಒಬ್ಬಳು ಅಲ್ಲಿಂದಲೇ ಬಂದಳು. ಮೂವತ್ತೈದು ದಾಟಿದವಳು, ಗಾರ್ಮೆಂಟ್ಸ್‌ನಲ್ಲಿ ಹನ್ನೆರಡು ವರ್ಷ ಹೊಲಿಗೆ ಮೆಷಿನ್ ತುಳಿದವಳು. ಅತ್ತೆ ಹಾಸಿಗೆ ಹಿಡಿದಿದ್ದರು. ಮಧ್ಯಾಹ್ನ ಒಂದು ಸಲ ಮನೆಗೆ ಹೋಗಿ ಅವರನ್ನು ಮಗ್ಗುಲು ತಿರುಗಿಸಿ ಊಟ ಮಾಡಿಸಿ ಬರಬೇಕು, ಶಿಫ್ಟಿನ ಕೆಲಸದಲ್ಲಿ ಅದು ಆಗುವುದಿಲ್ಲ. ನಮ್ಮ ಕೆಲಸ ಅವಳಿಗೆ ಬೇಕೇಬೇಕಾಗಿತ್ತು. ನನಗೂ ಅವಳು ಬೇಕಾಗಿದ್ದಳು. ಇವಳೂ ನನ್ನ ಬಾಯಿಗೆ ಹೆದರಿ ಹೋದರೆ ದೊಡ್ಡಮ್ಮ ನನಗೆ ಕೊಟ್ಟದ್ದು ನನ್ನಲ್ಲೇ ಮುಗಿಯುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಅವಳ ಕಷ್ಟವೇ ಬೇರೆ. ಹಳ್ಳಿಯ ಕೈ ನಿಧಾನ, ಗಾರ್ಮೆಂಟ್ಸ್ ಕೈ ಅವಸರ. ಗಂಟೆಗೆ ಇಷ್ಟು ತುಂಡು ಎಂಬ ಟಾರ್ಗೆಟ್ಟು ಅವಳ ಬೆರಳಿನೊಳಗೇ ಕೂತಿತ್ತು. ಜಗಲಿಯ ಮೇಲೆ ಮೊಳೆ ಹೊಡೆದು ಹಾಳು ರೇಷ್ಮೆ ಕಟ್ಟಿಕೊಟ್ಟರೆ ಸರಸರನೆ ಹೊಸೆದುಬಿಡುವಳು, ಹತ್ತಕ್ಕೊಂದು ಜೋಡಿ. ಒಂದು ದಿನ ನಾನು ತಡೆಯಲಾರದೆ ಗದರಿದೆ. ಅವಳ ಬೆರಳು ಇನ್ನೂ ಜೋರಾಗಿ ಓಡಿತು, ತಪ್ಪು ಇನ್ನೂ ಹೆಚ್ಚಾಯಿತು. ಆಮೇಲೆ ಅವಳೇ ಮೆಲ್ಲಗೆ ಹೇಳಿದಳು:

"ಬೈದ್ರೆ ನನ್ ಕೈ ಓಡ್ತದೆ ಅಕ್ಕ. ಕಣ್ಣು ಓಡಲ್ಲ."

ಹನ್ನೆರಡು ವರ್ಷ ಬೈಸಿಕೊಂಡು ಕೆಲಸ ಮಾಡಿದವಳ ಮಾತು ಅದು. ನನಗೆ ನಾಟಿತು. ಮಾರನೆಯ ದಿನದಿಂದ ಒಂದು ಉಪಾಯ ಮಾಡಿದೆ. ಸೆರಗಿನ ತುದಿಯಲ್ಲಿ ನಾಲ್ಕು ಲವಂಗ ಕಟ್ಟಿಕೊಂಡು ಕೂರುವುದು, ಸಿಟ್ಟು ಬಂದ ಕೂಡಲೇ ಒಂದನ್ನು ಬಾಯಿಗೆ ಹಾಕಿಕೊಂಡು ಕಚ್ಚುವುದು. ನಾಲಿಗೆ ಚುರುಗುಟ್ಟುವಾಗ ಮಾತು ಹೊರಡುವುದಿಲ್ಲ. ಕಣ್ಣಲ್ಲಿ ನೀರು ಬರುತ್ತಿತ್ತು, ಆದರೆ ಬಾಯಿ ಮುಚ್ಚಿಯೇ ಇರುತ್ತಿತ್ತು. ಖಾರ ಇಳಿದ ಮೇಲೆ ದೊಡ್ಡಮ್ಮ ಹೇಳುತ್ತಿದ್ದಂತೆಯೇ ನೀರು ಕುಡಿದು ಬಾ ಎಂದು ಅವಳಿಗೆ ಹೇಳಿ, ಅರಿಶಿನದ ದಾರ ಕಟ್ಟಿಡುತ್ತಿದ್ದೆ. ಅವಳು ಒಂದು ವಾರ ನೋಡಿ, ನನಗೆ ಹಲ್ಲುನೋವು ವಿಪರೀತ ಇದೆ ಎಂದುಕೊಂಡು, ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ಒಳ್ಳೆಯ ಹಲ್ಲಿನ ಡಾಕ್ಟರ್ ಇದ್ದಾರೆ, ತಾನೇ ಕರೆದುಕೊಂಡು ಹೋಗುತ್ತೇನೆ ಎಂದಳು. ನಾನು ನಿಜ ಹೇಳಲಿಲ್ಲ. ಹೋಗೋಣ ಹೋಗೋಣ ಎಂದು ದಿನ ತಳ್ಳಿದೆ.

ಹೀಗೆ ನಾಲ್ಕೈದು ತಿಂಗಳು ಲವಂಗ ತಿಂದೆ. ಅವಳ ಅವಸರ ಬಿಟ್ಟದ್ದು ಯಾವತ್ತು ಎಂದು ಹೇಳಲಾರೆ. ಒಂದು ಸಲ ಎರಡು ಎಳೆ ಅಂಟಿಕೊಂಡು ಬಂದಾಗ ಅವಳು ಕೈ ನಿಲ್ಲಿಸಿ, ಮೆಲ್ಲಗೆ ಉಸಿರು ಊದಿ ಬಿಡಿಸಿದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ದೊಡ್ಡಮ್ಮನೂ ಹಾಗೆ ಮಾಡುತ್ತಿರಲಿಲ್ಲ. ಅದು ಅವಳದೇ. ಆವತ್ತು ರಾತ್ರಿ ನಮ್ಮ ಮನೆಯವರಿಗೆ ಇದನ್ನೇ ಎರಡು ಸಲ ಹೇಳಿದೆನಂತೆ. ಆಮೇಲೆ ಅವಳನ್ನು ಮನೆಗಳಿಗೆ ಕರೆದುಕೊಂಡು ಹೋಗತೊಡಗಿದೆ. ಬಲದ ಅಂಚು ಅವಳದು, ಎಡದ ಅಂಚು ನನ್ನದು.

ಈ ಹೊತ್ತಿಗೆ ನನ್ನದೇ ಒಂದು ಗುಟ್ಟಿತ್ತು. ಕಣ್ಣಿನ ಡಾಕ್ಟರು ನನಗೆ ಹತ್ತಿರದ ನೋಟಕ್ಕೆ ಕನ್ನಡಕ ಕೊಟ್ಟು ವರ್ಷವಾಗಿತ್ತು. ಮನೆಯಲ್ಲಿ ಅಕ್ಕಿ ಆರಿಸುವಾಗ ಹಾಕಿಕೊಳ್ಳುತ್ತಿದ್ದೆ, ಮಗ್ಗದ ಮನೆಗೆ ಮಾತ್ರ ಒಯ್ಯುತ್ತಿರಲಿಲ್ಲ. ದೊಡ್ಡಮ್ಮನ ಕಣ್ಣು ಹೋಯಿತಂತೆ ಎಂದು ಊರು ಆಡಿಕೊಂಡದ್ದು ನನಗೆ ಮರೆತಿರಲಿಲ್ಲ. ಕೆಚ್ಚುವವಳ ಮೂಗಿನ ಮೇಲೆ ಕನ್ನಡಕ ಕಂಡರೆ ಯಾರು ಕರೆಯುತ್ತಾರೆ ಎಂಬ ಭಯ. ಬೆರಳಿಗೇ ಎಲ್ಲ ಗೊತ್ತಿದೆ, ಕಣ್ಣು ಯಾಕೆ ಎಂದು ನನಗೆ ನಾನೇ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಹೋದ ಮಾಘದಲ್ಲಿ ಒಂದು ಮನೆಗೆ ಹೋಗಿದ್ದೆವು. ಮದುವೆಯ ಸೀರೆಗಳು, ಕಡು ಕೆಂಪು ರೇಷ್ಮೆ, ಮಗ್ಗ ಎರಡು ದಿನದಿಂದ ಖಾಲಿ ನಿಂತಿತ್ತು. ಆ ಮನೆಗೆ ಅವಳನ್ನು ಕರೆದುಕೊಂಡು ಹೋದದ್ದು ಅದೇ ಮೊದಲು. ಹೊಸಬರು ಬೇಡ ಎಂದಿದ್ದ ಯಜಮಾನನನ್ನು ನಾನೇ ಒಪ್ಪಿಸಿದ್ದೆ. ಬೆಳಿಗ್ಗೆ ಮಂಜು ಇನ್ನೂ ಇರುವಾಗಲೇ ಕೂತೆವು. ಮಧ್ಯಾಹ್ನ ಅವಳು ಹೋಗಿ ಅತ್ತೆಗೆ ಊಟ ಮಾಡಿಸಿ ಬಂದಳು. ನಾಲ್ಕು ಗಂಟೆಗೆ ನಡುವೆ ಸೇರಿದೆವು.

ಒಂದು ಎಳೆ ಮಿಕ್ಕಿತು.

ಯಜಮಾನ ಅಲ್ಲೇ ಇದ್ದ, ಅವನ ತಾಯಿಯೂ ಬಾಗಿಲಲ್ಲಿ ನಿಂತಿದ್ದರು. ನನ್ನ ಸೆರಗಿನಲ್ಲಿ ಲವಂಗ ಇರಲಿಲ್ಲ, ಅವಳು ಕಲಿತಳಲ್ಲ ಎಂದು ಕಟ್ಟಿಕೊಳ್ಳುವುದನ್ನೇ ಬಿಟ್ಟಿದ್ದೆ. ಬಾಯಿ ತನ್ನ ಪಾಡಿಗೆ ತಾನು ತೆರೆದುಕೊಂಡಿತು.

"ಇದೇನು ಗಾರ್ಮೆಂಟ್ಸ್ ಅಂದ್ಕೊಂಡ್ಯಾ, ಟಾರ್ಗೆಟ್ ಮುಟ್ಸೋಕೆ? ಕಣ್ಣು ಎಲ್ಲಿಟ್ಟಿದ್ದೆ?"

ಅವಳ ಮುಖ ಕಪ್ಪಿಟ್ಟಿತು. ನೀರು ಕುಡಿದು ಬರುತ್ತೇನೆ ಎಂದು ತಾನಾಗಿಯೇ ಎದ್ದು ಒಳಗೆ ಹೋದಳು.

ನಾನು ಅವಳ ಭಾಗವನ್ನು ನಡುವಿನಿಂದ ಅಂಚಿನವರೆಗೆ ಬೆರಳಾಡಿಸಿ ನೋಡಿದೆ. ಸಿಗಲಿಲ್ಲ. ಮತ್ತೆ ಅಂಚಿನಿಂದ ನಡುವಿನವರೆಗೆ ನೋಡಿದೆ. ಒಂದೊಂದು ಎಳೆಯೂ ಬಿಡಿಬಿಡಿಯಾಗಿ, ಸಮವಾಗಿ ಕೂತಿತ್ತು. ಅಷ್ಟು ಚೆನ್ನಾಗಿ ನಾನು ಅವಳ ಕೆಲಸವನ್ನು ಅದುವರೆಗೆ ನೋಡಿರಲೇ ಇಲ್ಲ. ಆಮೇಲೆ, ಸುಮ್ಮನೆ ನೋಡೋಣ ಎಂದು, ನನ್ನ ಭಾಗಕ್ಕೆ ಕೈ ಹಾಕಿದೆ. ಎಡದ ಅಂಚು ದಾಟಿ ಒಂದು ಗೇಣು ದೂರದಲ್ಲಿ, ಬೆಳಿಗ್ಗೆ ಮಂಜಿನ ಮಬ್ಬಿನಲ್ಲಿ ಮೊದಲು ಕೆಚ್ಚಿದ ಜಾಗದಲ್ಲಿ, ಬೆರಳಿಗೆ ದಪ್ಪ ತಗುಲಿತು. ಜೋಡಿ ಎಳೆ. ನನ್ನದು.

ಆಗ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಆ ಜಾಗದ ಮೇಲೆ ಅಂಗೈ ಇಟ್ಟು ಕೂತೆ. ಅಷ್ಟರಲ್ಲಿ ಅವಳು ಬಂದಳು. ಸಿಕ್ಕಿತಾ ಎಂದು ಯಜಮಾನ ಕೇಳಿದ. ನಾನು ಅಂಗೈ ತೆಗೆಯಲಿಲ್ಲ. ಅವಳು ನನ್ನ ಮುಖ ನೋಡಿದಳು, ನನ್ನ ಕೈ ಎಲ್ಲಿದೆ ಎಂದು ನೋಡಿದಳು, ಆಮೇಲೆ ಅವನ ಕಡೆ ತಿರುಗಿದಳು.

"ನಂದೇ ತಪ್ಪು ಅಣ್ಣ. ಬಿಚ್ಚಿ ಸರಿ ಮಾಡ್ಕೊಡ್ತೀವಿ."

ದೊಡ್ಡಮ್ಮನ ಕಥೆಯನ್ನು ನಾನು ಅವಳಿಗೆ ಹೇಳಿರಲೇ ಇಲ್ಲ. ಯಾರೂ ಹೇಳಿಕೊಡದೆ ಅವಳು ಹಾಗೆ ಹೇಳಿದಳು, ಅದೂ ಎಲ್ಲರೆದುರು ಬೈಸಿಕೊಂಡ ಅರೆಗಳಿಗೆಯಲ್ಲಿ. ಮೊದಲು ನನಗೆ ಆದದ್ದು ಸಮಾಧಾನವೇ. ನನ್ನ ಕಣ್ಣಿನ ಸುದ್ದಿ ಹೊರಗೆ ಹೋಗುವುದಿಲ್ಲ, ಉಳಿದುಕೊಂಡೆ ಎಂದು. ಆದರೆ ಅವಳು ಇನ್ನೂ ಹೊಸಬಳು, ಒಂದು ಮನೆಯವರು ಬೇಡ ಎಂದರೆ ಆ ಮಾತು ಬೀದಿಗೆಲ್ಲ ಹರಡುತ್ತದೆ. ದೊಡ್ಡಮ್ಮನಿಗೆ ಒಂದು ಮನೆ ಹೋದರೆ ಇನ್ನೊಂದು ಇತ್ತು. ಇವಳಿಗೆ ಈ ಮನೆ ಹೋದರೆ ಈ ಕೆಲಸವೇ ಹೋಗುತ್ತದೆ, ಮತ್ತೆ ಶಿಫ್ಟಿಗೆ ಹೋದರೆ ಮಧ್ಯಾಹ್ನ ಅತ್ತೆಯ ಮಗ್ಗುಲು ತಿರುಗಿಸುವವರು ಯಾರು? ಜೋಡಿ ಎಳೆಯ ಮೇಲಿಂದ ಕೈ ತೆಗೆದೆ.

"ಇಲ್ಲಪ್ಪ, ಅವಳದ್ದಲ್ಲ. ನನ್ನ ಕಣ್ಣು ತಪ್ತು."

ದೊಡ್ಡಮ್ಮ ಸುಳ್ಳಾಗಿ ಹೇಳಿದ ಮಾತು ನನ್ನ ಬಾಯಲ್ಲಿ ನಿಜವಾಗಿ ಬಂತು. ಸಿಡಿಲೇನೂ ಬೀಳಲಿಲ್ಲ. ಹಾಗಾದರೆ ಮಗ್ಗ ಓಡುವುದು ನಾಳೆಯೇ ಎಂದು ಯಜಮಾನ ಮುಖ ಗಂಟು ಹಾಕಿಕೊಂಡ. ಅವನ ತಾಯಿ ಬಾಗಿಲಿನಿಂದಲೇ, ವಯಸ್ಸಾದ ಮೇಲೆ ಕನ್ನಡಕ ಹಾಕಿಕೊಳ್ಳಲು ಏನು ರೋಗ, ನಾನು ಹಾಕಿಕೊಂಡಿಲ್ಲವೇ ಎಂದು ನನ್ನನ್ನೇ ಗದರಿದರು. ಇಬ್ಬರೂ ಒಳಗೆ ಹೋದರು. ಇಷ್ಟಕ್ಕೆ ನಾನು ಒಂದು ವರ್ಷ ಹೆದರಿದ್ದೆ.

ತಪ್ಪಾಯಿತು ಎನ್ನುವ ಮಾತು ನನ್ನ ಬಾಯಿಗೆ ರೂಢಿಯಿಲ್ಲ, ನಾಲಿಗೆಗೇ ಅಂಟಿಕೊಂಡಿತ್ತು. ಅವಳೇ ಅದನ್ನು ಬಿಡಿಸಿದಳು.

"ಅಕ್ಕ, ನೀರು ಕುಡ್ಕೊಂಡ್ ಬನ್ನಿ."

ಎದ್ದು ಹೋದೆ. ಅವರ ಹಿತ್ತಲಿನ ನಲ್ಲಿಯ ಹತ್ತಿರ ನಿಂತು ಒಂದು ಚೊಂಬು ನೀರು ಕುಡಿದೆ, ಮುಖ ತೊಳೆದೆ, ಸ್ವಲ್ಪ ಹೊತ್ತು ಅತ್ತೆ. ವಾಪಸ್ ಬಂದಾಗ ಜೋಡಿ ಎಳೆಯ ಮೇಲೆ ಅರಿಶಿನದ ದಾರ ಕಟ್ಟಿತ್ತು. ಪಕ್ಕದಲ್ಲಿ ಬೂದಿಯ ಡಬ್ಬಿ ಇತ್ತು. ಆ ಜೋಡಿಯನ್ನು ಅವಳು ಮುಟ್ಟಿರಲಿಲ್ಲ. ಅವಳ ಬೆರಳಿಗೆ ಅದು ಅರೆಗಳಿಗೆಯ ಕೆಲಸ, ಆದರೂ ನನಗೇ ಬಿಟ್ಟಿದ್ದಳು. ದೊಡ್ಡಮ್ಮನದು ಜಿಪುಣತನವಲ್ಲ ಎಂದು ನನಗೆ ಸರಿಯಾಗಿ ಅರ್ಥವಾದದ್ದು ಆಗ. ನಿನ್ನ ಕೈಯಿಂದ ಇದು ಆಗುತ್ತದೆ ಎಂದು ನಂಬಿದವರು ಮಾತ್ರ ಹಾಗೆ ಬಿಟ್ಟುಕೊಡುತ್ತಾರೆ. ಇಬ್ಬರು ನನ್ನನ್ನು ಹಾಗೆ ನಂಬಿದರು. ಒಬ್ಬರು ನಾನು ಏನೂ ಅರಿಯದವಳಾಗಿದ್ದಾಗ, ಇನ್ನೊಬ್ಬಳು ನಾನು ಎಲ್ಲ ಬಲ್ಲೆ ಎಂದುಕೊಂಡಿದ್ದಾಗ.

ನಾನು ಕೂತು ದಾರ ಬಿಚ್ಚಿ, ಬೆರಳಿಗೆ ಬೂದಿ ಹಚ್ಚಿಕೊಂಡೆ. ಅಷ್ಟು ಹೊತ್ತಿಗೆ ಅವಳು ನಡುವಿನಿಂದ ನನ್ನ ಎಳೆಗಳನ್ನು ಒಂದೊಂದಾಗಿ ಬಿಚ್ಚುತ್ತಾ ನನ್ನ ಕಡೆಗೆ ಬರತೊಡಗಿದ್ದಳು. ಬರುತ್ತಾ, ನಾಳೆ ಕನ್ನಡಕ ತನ್ನಿ, ಆ ಹಲ್ಲಿನ ಡಾಕ್ಟರ ಹತ್ತಿರಕ್ಕೂ ಹೋಗಿ ಬರೋಣ ಎಂದಳು.